ಎಂಟು ಬಾಯಿ

ಪಾರ್ಥ ಆ ವಿಡಿಯೊ ತೆಗೆದದ್ದು ರೇಷನ್ ಅಂಗಡಿಯ ಎದುರಿನ ಬೇವಿನ ಗಿಡದ ಕೆಳಗೆ ನಿಂತು. ರೇಣವ್ವ ಅಕ್ಕಿ ಚೀಲವನ್ನು ತಲೆಯ ಮೇಲೆ ಹೊತ್ತು ಮುಂದೆ ನಡೆದಿದ್ದಳು. ಹಿಂದೆ ಆರು ಮಕ್ಕಳು. ದೊಡ್ಡವರ ಹೆಗಲ ಮೇಲೆ ಸಣ್ಣ ಗಂಟು. ಎಲ್ಲರಿಗಿಂತ ಹಿಂದಿದ್ದವನಿಗೆ ಚಡ್ಡಿ ಇರಲಿಲ್ಲ. ಪಾರ್ಥ ಅವನ ಮೇಲೆಯೇ ಹೆಚ್ಚು ಹೊತ್ತು ಮೊಬೈಲ್ ಹಿಡಿದ. ಕೆಳಗೆ ಬರೆದ: 'ಒಂದು ಮನೆ, ಎಂಟು ಬಾಯಿ. ಹಡೆಯುವವರು ಇವರು, ಸಾಕುವವರು ನಾವು.'

ಸಂಜೆಯೊಳಗೆ ಅದು ಇಂಡಿ ದಾಟಿತು. ಆಮೇಲೆ ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ. ಯಾರದೋ ಅಂಗೈಯಲ್ಲಿ, ಯಾವುದೋ ಚಹಾದಂಗಡಿಯಲ್ಲಿ ರೇಣವ್ವ ಅಕ್ಕಿ ಹೊತ್ತು ನಡೆಯುತ್ತಲೇ ಇದ್ದಳು. ಒಬ್ಬರು ಅದಕ್ಕೆ ನಗುವ ಸದ್ದು ಸೇರಿಸಿದರು. ಇನ್ನೊಬ್ಬರು ಪಕ್ಕದಲ್ಲಿ ಹಂದಿ ಮತ್ತು ಅದರ ಮರಿಗಳ ಚಿತ್ರ ಅಂಟಿಸಿದರು. ಒಂದು ಚಾನೆಲ್ಲಿನವರು ಇಬ್ಬರನ್ನು ಎದುರು ಬದುರು ಕೂರಿಸಿ, ದೊಡ್ಡ ಕುಟುಂಬಕ್ಕೆ ಸರಕಾರ ಎಷ್ಟು ಕೊಡಬೇಕು ಎಂದು ಕೇಳಿದರು. ಇಬ್ಬರೂ ಇಸ್ತ್ರಿ ಅಂಗಿ ತೊಟ್ಟಿದ್ದರು. ಇಬ್ಬರೂ ಜೋರಾಗಿ ಮಾತಾಡಿದರು. ಅವರ ತಲೆಯ ಹಿಂದಿನ ಪರದೆಯಲ್ಲಿ ಚಡ್ಡಿಯಿಲ್ಲದ ಹುಡುಗ ನಡೆಯುತ್ತಿದ್ದ.

ರೇಣವ್ವನಿಗೆ ಅದನ್ನು ತೋರಿಸಿದವಳು ಪಕ್ಕದ ಮನೆಯ ಚಂದವ್ವ. ರೇಣವ್ವ ನೋಡಿದಳು. ಮೊಬೈಲು ವಾಪಸು ಕೊಟ್ಟಳು. ಒಳಗೆ ಹೋಗಿ ಸುನೀಲಕುಮಾರನಿಗೆ ಚಡ್ಡಿ ಹಾಕಿದಳು.

ಊರು ಸಾಲೋಟಗಿಯ ಆಚೆಗೆ. ಕೇರಿ ಊರಿನ ಕೆಳಗೆ, ಹಳ್ಳದ ದಂಡೆಗೆ. ರೇಣವ್ವನ ಗಂಡ ಶಂಕ್ರೆಪ್ಪ ಇಂಡಿಯ ಮಾರುಕಟ್ಟೆಯಲ್ಲಿ ಹಮಾಲಿ. ರೇಣವ್ವ ಪಾರ್ಥನ ಅಪ್ಪ ಹೃಷೀಕೇಶರ ಲಿಂಬೆ ತೋಟದಲ್ಲಿ ಕಾಯಿ ಕೀಳುತ್ತಿದ್ದಳು. ಲಿಂಬೆಯ ಮುಳ್ಳು ಉಗುರಿನ ಸಂದಿಗೇ ಬಡಿಯುತ್ತದೆ. ಹರಿದ ಕಡೆ ಹಣ್ಣಿನ ರಸ ಇಳಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಮೊಣಕೈವರೆಗೆ ಉರಿ. ಆ ಕೈಯಲ್ಲಿ ಖಾರ ಕಲಸಿ ಉಣ್ಣಲಿಕ್ಕೆ ಆಗುವುದಿಲ್ಲ. ಕೀಳುವವರು ಒಣ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಉದುರಿದ ಹಣ್ಣು ಆರಿಸಲು ಮಕ್ಕಳೇ ಬೇಕು. ಗಿಡದ ಬುಡಕ್ಕೆ ನುಸುಳಿ ಹೋಗಲು ದೊಡ್ಡವರ ಮೈಗೆ ಆಗುವುದಿಲ್ಲ. ರವಿವಾರ ಬಂದರೆ ಹೃಷೀಕೇಶರೇ ಹೇಳುತ್ತಿದ್ದರು: "ರೇಣವ್ವ, ಹುಡುಗರನ್ನೆಲ್ಲ ಕರಕೊಂಡು ಬಾ. ಎಷ್ಟು ಮಂದಿ ಇದ್ದರೂ ನಡೀತದ."

ವಿಡಿಯೊ ಬಂದ ಮೇಲಿನ ಸೋಮವಾರ ತೋಟದ ಗೇಟು ತೆರೆಯಲಿಲ್ಲ. ಹೃಷೀಕೇಶರು ಒಳಗೆ ನಿಂತೇ ಮಾತಾಡಿದರು.

"ನಾಲ್ಕು ದಿವಸ ಬರಬ್ಯಾಡ. ಮಂದಿ ನೋಡ್ಲಿಕ್ಕತ್ತಾರ."

"ನಾ ಏನ್ ಮಾಡೇನಿರಿ ಧಣ್ಯಾರ?"

"ನೀ ಏನೂ ಮಾಡಿಲ್ಲ. ಆದರ ಒಂದು ವಿಚಾರ ಎದ್ದದ. ಊರು ಕೂಡಿ ಮಾತಾಡೋಣ."

ಸೌಮ್ಯವಾಗಿಯೇ ಹೇಳಿದರು. ಅವರು ಯಾವತ್ತೂ ದನಿ ಎತ್ತಿದವರಲ್ಲ. ಅದೇ ರೇಣವ್ವನ ಎದೆಯಲ್ಲಿ ಕೂತಿತು.

ಆಮೇಲೆ ಬೈಕುಗಳು ಬರತೊಡಗಿದವು. ಪರ ಊರಿನ ಹುಡುಗರು. ಕೇರಿಯ ಬಾಯಲ್ಲಿ ನಿಲ್ಲಿಸುತ್ತಿದ್ದರು. ಇಳಿಯುತ್ತಿರಲಿಲ್ಲ. ಮನೆಗಳ ಕಡೆ ಬೆರಳು ತೋರಿಸಿ ಮಕ್ಕಳನ್ನು ಎಣಿಸುತ್ತಿದ್ದರು. ಎಣಿಸಿ ನಗುತ್ತಿದ್ದರು. ಒಬ್ಬ ಬಿಸ್ಕಿಟಿನ ಪುಡಿಕೆ ಒಡೆದು ಅಂಗಳಕ್ಕೆ ಚೆಲ್ಲಿದ, ಕೋಳಿಗೆ ಕಾಳು ಚೆಲ್ಲಿದ ಹಾಗೆ. ಮಕ್ಕಳು ಓಡಿದವು. ಇನ್ನೊಬ್ಬ ಅದನ್ನೂ ಮೊಬೈಲಿನಲ್ಲಿ ಹಿಡಿದ. ರೇಣವ್ವ ಓಡಿ ಬಂದು ಮಕ್ಕಳ ಕೈಯಿಂದ ಬಿಸ್ಕಿಟು ಕಸಿದುಕೊಂಡಳು. ಸುನೀಲಕುಮಾರ ಅತ್ತ. ಬಾಯೊಳಗೆ ಹೋದದ್ದನ್ನೂ ಬೆರಳು ಹಾಕಿ ತೆಗೆದಳು.

ಕೇರಿಯ ಹೆಂಗಸರು ಮಕ್ಕಳನ್ನು ಹೊರಗೆ ಬಿಡುವುದನ್ನು ನಿಲ್ಲಿಸಿದರು. ನಲ್ಲಿಗೆ ಹೋದರೂ ಮಾತಿಲ್ಲ. ಹಾಸಿಗೆ ಹೊಲಿಯುವ ಮಶಾಕಸಾಬನ ಹೆಂಡತಿ ಅಫ್ರೀನ ಹಗಲಿನಲ್ಲೇ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಆಕೆಗೆ ಏಳು ಮಕ್ಕಳು.

ಡಂಗುರ ಬಂತು. ಗುರುವಾರ ನಾಲ್ಕು ಗಂಟೆಗೆ ಸಮುದಾಯ ಭವನದಲ್ಲಿ ಊರ ಸಭೆ. ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಕಡ್ಡಾಯವಾಗಿ ಬರಬೇಕು.

ಬುಧವಾರ ಸಂಜೆ ಶಾಲೆಯ ಮೇಡಂ ವರದಾ ರೇಣವ್ವನ ಮನೆಗೆ ಬಂದರು. ಹೃಷೀಕೇಶರ ತಂಗಿಯ ಮಗಳು. ಮಕ್ಕಳಿಗೆ ಕೈ ಹಿಡಿದು ಅಕ್ಷರ ತಿದ್ದಿಸಿದವರು. ಕೇರಿಯಲ್ಲಿ ನೀರು ಕುಡಿಯುವವರು. ರೇಣವ್ವ ಹಾಸಿದ ಕೌದಿಯ ಮೇಲೆ ಕೂತು ದನಿ ತಗ್ಗಿಸಿದರು.

"ರೇಣವ್ವ, ನಾ ಮಾಮಾನ ಕೂಡ ಮಾತಾಡೇನಿ. ನಿನಗ ಒಂದು ದಾರಿ ಅದ."

"ಹೇಳ್ರಿ ಅಕ್ಕೋರ."

"ಶಿವಾನಿ, ಸುನೀಲ ನೀ ಹಡೆದ ಮಕ್ಕಳಲ್ಲ. ನಿನ್ನ ಮೈದುನನ ಮಕ್ಕಳು. ಅವರವ್ವ ಅಪ್ಪ ಕಬ್ಬಿನ ಲಾರಿ ಪಲ್ಟಿಯಾಗಿ ಸತ್ತರು. ಅನಾಥ ಮಕ್ಕಳನ್ನ ನೀ ಸಾಕ್ಲಿಕ್ಕತ್ತಿ. ಇದನ್ನ ಸಭಾದಾಗ ಹೇಳಿಬಿಡು. ಎಲ್ಲರೂ ಮರಗ್ತಾರ. ಪಾರ್ಥ ಆ ವಿಡಿಯೊ ಅಳಸ್ತಾನ. ಉಳಿದ ನಾಲ್ಕರ ವಿಷಯ ನಾ ನೋಡ್ಕೋತೇನಿ. ಆಪರೇಶನ್ ಮಾಡಿಸ್ಕೋತೇನಿ ಅಂದರ ಮುಗೀತು."

ರೇಣವ್ವ ಸುನೀಲನ ಕಡೆ ನೋಡಿದಳು.

ಮೂರು ವರ್ಷದ ಹಿಂದೆ ಕೊಲ್ಹಾಪುರದ ಕಡೆಯಿಂದ ಹೆಣಗಳು ಬಂದ ದಿನ ಸುನೀಲ ಇನ್ನೂ ಮೊಲೆ ಬಿಟ್ಟಿರಲಿಲ್ಲ. ರೇಣವ್ವನ ಕೊನೆಯ ಮಗುವೂ ಬಿಟ್ಟಿರಲಿಲ್ಲ. ಒಂದು ಕಡೆ ಅದು, ಒಂದು ಕಡೆ ಇವನು. ಲಿಂಬೆ ಕಿತ್ತು ಬಂದ ಕೈ ತೊಳೆದು, ಇಬ್ಬರನ್ನೂ ತೊಡೆಯ ಮೇಲೆ ಹಾಕಿಕೊಂಡು ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಿದ್ದಳು. ಯಾರು ಯಾವ ಕಡೆ ಇದ್ದರು ಎಂದು ನೋಡುತ್ತಿರಲಿಲ್ಲ.

ವರದಾ ಎದ್ದು ಹೋದ ಮೇಲೆ ಶಂಕ್ರೆಪ್ಪ ಬಾಯಿ ಬಿಟ್ಟ.

"ಹೇಳಿಬಿಡು. ಸುಳ್ಳೇನ ಐತಿ ಅದರಾಗ?"

"ಸುಳ್ಳಿಲ್ಲ."

"ಮತ್ತ? ಮಾರ್ಕೆಟ್ಟಿನ್ಯಾಗ ನನ್ನ ನೋಡಿ ಹಂದಿಗತೆ ಗುರಕ ಹೊಡೀತಾರ. ಚೀಲ ಹೊರೂ ಮುಂದ ಬೆನ್ನ ಮ್ಯಾಲ ಕುಂತು, ಎಂಟ ಮಂದೀನ್ನ ಹೊರಾಂವ, ನನ್ನೊಬ್ಬನ್ನ ಹೊರು ಅಂತಾರ. ನನಗ ಸಾಕಾಗೈತಿ."

ಬಾಗಿಲಲ್ಲಿ ಅಫ್ರೀನ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಒಳಗೆ ಬರಲಿಲ್ಲ.

"ಹೇಳವ್ವ ಅಕ್ಕಾ," ಅಂದಳು. "ನೀ ಪಾರಾಗ್ತಿ. ನಿನಗ ಹೇಳಾಕ ಒಂದು ಮಾತರ ಐತಿ. ನನಗ ಏನೈತಿ? ಏಳೂ ನಾನ ಹಡದೇನಿ."

ಹೋಗಿಬಿಟ್ಟಳು. ಬಾಗಿಲು ಹಾಕಿಕೊಂಡ ಸದ್ದು ಕೇಳಿತು.

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಶಿವಾನಿಯ ಕೈ ನಿಂತಿತ್ತು. ಎಂಟನೇ ಇಯತ್ತೆ ಓದುವ ಹುಡುಗಿ. ಯಾರೂ ಆಕೆಯ ಕಡೆ ನೋಡಲಿಲ್ಲ.

ಬೆಳಗಾದಾಗ ಶಿವಾನಿ ಇರಲಿಲ್ಲ. ಸುನೀಲಕುಮಾರನೂ ಇರಲಿಲ್ಲ. ಅವಳ ಪುಸ್ತಕಗಳು ಮೂಲೆಯಲ್ಲಿದ್ದವು. ಚೀಲ ಇರಲಿಲ್ಲ.

"ಸಿಂದಗಿ ಬಸ್ಸ ಹತ್ತಿದ್ರು," ಅಂದಳು ಚಂದವ್ವ. "ನೀನ ಕಳಿಸೀದಿ ಅಂತ ತಿಳಕೊಂಡೆ."

ರೇಣವ್ವ ತಲೆ ಬಾಚದೆ ರಸ್ತೆಗೆ ಓಡಿದಳು. ಮುಂದಿನ ಬಸ್ಸು ಹತ್ತಿದಳು. ಕಂಡಕ್ಟರ್ ಹೆಂಗಸರ ಪುಕ್ಕಟೆ ಟಿಕೆಟ್ ಹರಿದು ಕೊಡುತ್ತ ಮುಖ ನೋಡಿದ.

"ನೀ ಆ ವಿಡಿಯೊದಾಕಿ ಅಲ್ಲೇನು?"

ಬಸ್ಸೆಲ್ಲ ತಿರುಗಿತು. "ಬಸ್ಸೂ ಪುಕ್ಕಟೆ, ಅಕ್ಕೀನೂ ಪುಕ್ಕಟೆ," ಅಂದ ಹಿಂದಿನಿಂದ ಒಬ್ಬ. ನಗು ಮುಂದಿನವರೆಗೆ ಬಂತು. ಪಕ್ಕದ ಹೆಂಗಸು ಸೀರೆ ಎಳೆದುಕೊಂಡು ಕಿಟಕಿಗೆ ಅಂಟಿ ಕೂತಳು. ರೇಣವ್ವ ಕಂಬಿ ಹಿಡಿದು ನಿಂತೇ ಇದ್ದಳು. ಕೂಡಲು ಜಾಗವಿತ್ತು. ಕೂಡಲಿಲ್ಲ. ರಸ್ತೆಯ ಎರಡೂ ಬದಿಗೆ ತೊಗರಿ ಹೊಲಗಳು ಓಡುತ್ತಿದ್ದವು. ಪ್ರತಿ ನಿಲುಗಡೆಯಲ್ಲೂ ಬಗ್ಗಿ ಕೆಳಗೆ ನೋಡಿದಳು. ಮಕ್ಕಳು ಬೈಕಿನ ಹುಡುಗರ ಕಣ್ಣಿಗೆ ಬಿದ್ದಿದ್ದರೆ? ಹುಡುಗಿಯ ಮುಖ ಎಲ್ಲರ ಮೊಬೈಲಿನಲ್ಲಿತ್ತು.

ಸಿಂದಗಿಯ ಬಸ್ ನಿಲ್ದಾಣದಲ್ಲಿ ಮುದ್ದೇಬಿಹಾಳದ ಬಸ್ಸು ನಿಲ್ಲುವ ಕಡೆ ಶಿವಾನಿ ಕಂಬಕ್ಕೆ ಒರಗಿ ಕೂತಿದ್ದಳು. ಸುನೀಲ ಅವಳ ತೊಡೆಯ ಮೇಲೆ ಮಲಗಿದ್ದ. ಹುಡುಗಿ ದುಪಟ್ಟದಿಂದ ತನ್ನ ಮುಖವನ್ನೂ ಅವನ ಮುಖವನ್ನೂ ಮುಚ್ಚಿದ್ದಳು. ಕಾಲಿನ ಚಪ್ಪಲಿಯಿಂದ ರೇಣವ್ವ ಗುರುತು ಹಿಡಿದಳು.

"ಎಲ್ಲಿಗೆ ಹೊಂಟಿ?"

"ನಾಲತವಾಡಕ್ಕ, ದೊಡ್ಡವ್ವ. ಆಯಿ ಕಡೆ."

ದೊಡ್ಡವ್ವ. ಮೂರು ವರ್ಷದಿಂದ ಅವ್ವ ಎನ್ನುತ್ತಿದ್ದ ಬಾಯಿ.

"ಆ ಮುದುಕಿ ಆಯಿಗೆ ಕಣ್ಣ ಕಾಣಂಗಿಲ್ಲ. ಯಾರು ಮಾಡಿ ಹಾಕತಾರ ನಿಮಗ?"

"ನಾ ಮಾಡ್ತೇನಿ. ನನಗ ರೊಟ್ಟಿ ಬರತಾವ."

"ಯಾಕ ಹೊಂಟಿ?"

"ನಾವಿಬ್ಬರೂ ಹೆಚ್ಚಾಗೇವಿ. ನಾವ್ ಹ್ವಾದ್ರ ನಿಮಗ ಯಾರೂ ಅನ್ನಾಂಗಿಲ್ಲ."

ರೇಣವ್ವ ಹುಡುಗಿಯ ಕೆನ್ನೆಗೆ ಹೊಡೆದಳು. ಸುನೀಲ ಎದ್ದು ಚೀರಿದ. ನಿಲ್ದಾಣದ ಮಂದಿ ನೋಡಿದರು. ಹೊಡೆದ ಕೈಯಿಂದಲೇ ಹುಡುಗಿಯನ್ನು ಎಳೆದು ಎದೆಗೆ ಒತ್ತಿಕೊಂಡಳು. ಬಹಳ ಹೊತ್ತು ಬಿಡಲಿಲ್ಲ.

"ಹೆಚ್ಚಾಗೂದಂದ್ರ ಏನು?" ಅಂದಳು. "ಸಾರಿಗೆ ಉಪ್ಪು ಹೆಚ್ಚಾಗ್ತೈತಿ. ಮಂದಿ ಹೆಚ್ಚಾಗಂಗಿಲ್ಲ. ಯಾರ್ ಕಲಿಸಿದ್ರು ನಿನಗ ಈ ಮಾತ?"

ಶಿವಾನಿ ದುಪಟ್ಟದ ತುದಿಯಿಂದ ಸುನೀಲನ ಮುಖ ಒರೆಸಿದಳು.

ಅವರು ಊರಿಗೆ ಮರಳಿದಾಗ ಸಭೆ ನಡೆಯುತ್ತಿತ್ತು. ಭವನದ ಮುಂದೆ ಬೈಕುಗಳ ಸಾಲು. ರೇಣವ್ವ ಮನೆಗೆ ಹೋಗಲಿಲ್ಲ. ಎರಡೂ ಮಕ್ಕಳ ಕೈ ಹಿಡಿದು ನೇರ ಒಳಗೆ ನಡೆದಳು.

ಮುಂದೆ ಕುರ್ಚಿಗಳಲ್ಲಿ ಊರ ಹಿರಿಯರು. ಕೇರಿಯವರು ಹಿಂದೆ, ನೆಲದ ಮೇಲೆ. ಶಂಕ್ರೆಪ್ಪ ನಾಲ್ಕು ಮಕ್ಕಳನ್ನು ಗೋಡೆಗೆ ಕೂರಿಸಿಕೊಂಡಿದ್ದ. ಪಂಚಾಯ್ತಿಯ ಅಧಿಕಾರಿ ಬಂದಿರಲಿಲ್ಲ. ಬಾರದಿರುವುದೇ ಅವರಿಗೆ ಕ್ಷೇಮವಾಗಿತ್ತು. ಹೃಷೀಕೇಶರು ಮೈಕಿನಲ್ಲಿ ಹೇಳುತ್ತಿದ್ದರು:

"ಯಾರ ಮ್ಯಾಲೂ ಸಿಟ್ಟಿಲ್ಲ. ಊರಿನ ಭವಿಷ್ಯದ ಮಾತು. ಒಂದು ಮನಿಗೆ ಎರಡ ಮಕ್ಕಳ ಪಾಲಿನ ರೇಷನ್ ಸಿಗತದ. ಹೆಚ್ಚಿನ ಮಕ್ಕಳಿದ್ದರ, ತಾಯಿ ಆಪರೇಶನ್ ಆದ ಕಾಗದ ತೋರಿಸಲಿ. ಆಮ್ಯಾಲೆ ವಿಚಾರ ಮಾಡೋಣ."

"ಇದು ಸರಕಾರದ ಹುಕುಮೇನ್ರಿ?" ಮಶಾಕಸಾಬ ಕೂತಲ್ಲಿಂದಲೇ ಕೇಳಿದ.

"ಸರಕಾರ ನಿಧಾನ ಬರ್ತದ," ಅಂದರು ಹೃಷೀಕೇಶರು. "ಊರು ಮೊದಲು."

ಹಿಂದೆ ನಿಂತಿದ್ದ ಬೈಕಿನ ಹುಡುಗರು ಚಪ್ಪಾಳೆ ಹೊಡೆದರು. ಚಪ್ಪಾಳೆ ನಿಲ್ಲಲಿಲ್ಲ. ಅದು ಒಂದೇ ತಾಳಕ್ಕೆ ಬಂತು. ನೆಲದ ಮೇಲೆ ಕೂತಿದ್ದ ಹೆಂಗಸರು ಮಕ್ಕಳನ್ನು ಮಡಿಲಿಗೆ ಎಳೆದುಕೊಂಡರು.

ಕೇರಿಯವನೇ ಆದ ಮಾನಪ್ಪ ಎದ್ದ. ಕಲ್ಲು ಒಡೆಯುವವನು. "ನಾನೂ ಬಡವ ಅದೇನಿ," ಅಂದ. "ಎರಡ ಹಡದೇನಿ. ನನಗ ನಾಕ ಮಂದೀದು ಬರತೈತಿ. ಅಕಿಗೆ ಎಂಟ ಮಂದೀದು. ಇದು ಯಾವ ನ್ಯಾಯ?"

ಅವನು ಸುಳ್ಳು ಸಿಟ್ಟು ಮಾಡುತ್ತಿರಲಿಲ್ಲ. ಅವನ ಮನೆಯಲ್ಲೂ ಹಸಿವಿತ್ತು. ರೇಣವ್ವ ಅವನ ಕಡೆ ತಿರುಗಿದಳು.

"ನಿನ್ನ ಮನ್ಯಾಗ ಒಂದೊಂದು ಬಾಯಿಗೆ ಎಷ್ಟ ಬರತೈತಿ, ನನ್ನ ಮನ್ಯಾಗೂ ಅಷ್ಟ ಬರತೈತಿ, ಮಾನಪ್ಪಣ್ಣ. ನಿನಗ ಸಾಲದಿದ್ರ ಬಾ, ಇಬ್ಬರೂ ಕೂಡಿ ಹೆಚ್ಚು ಕೇಳೂಣು. ನನ್ನ ಹುಡುಗರ ತಾಟಿನ್ಯಾಗಿಂದು ಕಸಗೊಂಡ್ರ ನಿನ್ನ ತಾಟಿಗೆ ಬೀಳಂಗಿಲ್ಲ."

ಮಾನಪ್ಪ ಕೂತ. ಕೂತು ನೆಲ ನೋಡಿದ.

ಪಾರ್ಥ ಮೊಬೈಲು ಎತ್ತಿ ಹಿಡಿದು ಮುಂದೆ ಬಂದ. ಓದಿದ ಹುಡುಗ. ಧಾರವಾಡದಲ್ಲಿ ಪರೀಕ್ಷೆಗಳನ್ನು ಬರೆದು ಬರೆದು ಊರಿಗೆ ಮರಳಿದವನು. ಅವನ ಕಣ್ಣುಗಳು ಕೆಂಪಗಿದ್ದವು.

"ಎಲ್ಲಾರೂ ಕೇಳಲಿ. ಎಷ್ಟು ಮಕ್ಕಳು ನಿನ್ನವು?"

ವರದಾ ಮೇಡಂ ಎದ್ದು ನಿಂತರು. "ತಡಿ ಪಾರ್ಥ. ನಾ ಹೇಳ್ತೇನಿ. ಇದರೊಳಗ ಎರಡು ಮಕ್ಕಳು ರೇಣವ್ವಂದು..."

"ಅಕ್ಕೋರ." ರೇಣವ್ವನ ದನಿ ದೊಡ್ಡದಾಗಿರಲಿಲ್ಲ. "ಕುಂದ್ರಿ."

"ರೇಣವ್ವ, ನಿನ್ನ ಒಳ್ಳೇದಕ್ಕ..."

"ನನ್ನ ಒಳ್ಳೇದು ಮಾಡಬ್ಯಾಡ್ರಿ. ಕುಂದ್ರಿ."

ವರದಾ ಕೂತರು. ರೇಣವ್ವ ಶಿವಾನಿಯ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ.

"ಆರೂ ನನ್ನವು," ಅಂದಳು ರೇಣವ್ವ. "ಬರಕೋರಿ. ವಿಡಿಯೊ ಹಿಡಕೋರಿ. ಆರೂ ನನ್ನವು. ಅಫ್ರೀನಳ ಏಳೂ ಅಕಿವು. ಯಾವ್ಯಾವು ಹೆಂಗ ಬಂದ್ವು ಅಂತ ನಾವು ನಿಮಗ ಹೇಳಾಂಗಿಲ್ಲ. ನೀವು ಹೆಂಗ ಬಂದ್ರಿ ಅಂತ ನಾವು ಕೇಳೇವಿ ಏನು?"

ಯಾರೋ ಬೈದರು. ಹೊಲಸು ಬೈಗುಳ. ಅವಳು ಕೇಳದವಳಂತೆ ಮುಂದುವರಿದಳು.

"ಧಣ್ಯಾರ, ಲಿಂಬಿ ಉದುರಿದಾಗ ನೀವು ಎಣಿಸಲಿಲ್ಲ. ಎಷ್ಟು ಮಂದಿ ಇದ್ದರೂ ನಡೀತದ ಅಂದ್ರಿ. ಗಿಡದ ಬುಡಕ ಹೋಗೂ ಮುಂದ ನನ್ನ ಮಕ್ಕಳು ಹೆಚ್ಚಾಗಿರಲಿಲ್ಲ. ಮುಳ್ಳು ಚುಚ್ಚಿಸಿಕೊಳ್ಳೂ ಮುಂದ ಹೆಚ್ಚಾಗಿರಲಿಲ್ಲ. ಉಣ್ಣಾಕ ಕುಂತಾಗ ಹೆಚ್ಚಾದ್ವಾ? ನನ್ನ ಹೊಟ್ಟಿ ಏನು ನಿಮ್ಮ ತ್ವಾಟ ಏನ್ರಿ, ಗೇಟ ಹಾಕಾಕ? ನಾ ಆಪರೇಶನ್ ಮಾಡಿಸ್ಕೋತೇನೊ ಬಿಡ್ತೇನೊ, ಅದು ನನ್ನ ಮೈ. ಅಕ್ಕಿ ತೋರಿಸಿ ಕೊಯ್ಯಾಕ ನಾ ಕುರಿ ಅಲ್ಲ."

ಹೃಷೀಕೇಶರು ಕನ್ನಡಕ ತೆಗೆದು ಒರೆಸಿಕೊಂಡರು. "ಇನ್ನ ಮಾತು ಸಾಕು," ಅಂದರು. "ಕೈ ಎತ್ತಿರಿ."

ಮುಂದಿನ ಕುರ್ಚಿಗಳಲ್ಲಿ ಕೈಗಳು ಎದ್ದವು. ಹಿಂದೆ ಬೈಕಿನ ಹುಡುಗರೂ ಎತ್ತಿದರು. ಅವರು ಆ ಊರಿನವರೇ ಅಲ್ಲ. ಯಾರೂ ಅದನ್ನು ಕೇಳಲಿಲ್ಲ. ಮನೆಗೆ ಎರಡೇ ಮಕ್ಕಳ ಪಾಲು ಎಂದು ಠರಾವು ಆಯಿತು. ಕೇರಿಯವರು ಎದ್ದು ಹೊರಗೆ ಬಂದರು. ಅಫ್ರೀನ ತನ್ನ ಮನೆಯ ಮುಂದೆ ಬಂದಾಗ ನಿಂತು, ರೇಣವ್ವನ ಹರಿದ ಉಗುರಿನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಬಿಟ್ಟಳು.

ಮುಂದಿನ ತಿಂಗಳು ರೇಷನ್ ಬಂತು. ಅಷ್ಟರಲ್ಲಿ ಕೇರಿಯ ಯಾರನ್ನೂ ತೋಟಕ್ಕೆ ಕರೆದಿರಲಿಲ್ಲ. ಶಂಕ್ರೆಪ್ಪನನ್ನು ಮಾರುಕಟ್ಟೆಯಲ್ಲಿ ಚೀಲ ಮುಟ್ಟಲು ಬಿಟ್ಟಿರಲಿಲ್ಲ. ಮನೆಯಲ್ಲಿ ಅಂಬಲಿ ನೀರಾಗಿ, ನೀರು ಬಿಸಿನೀರಾಗಿತ್ತು.

ಅಂಗಡಿಯವ ಗೋವಿಂದ. ತಕ್ಕಡಿಯಲ್ಲಿ ನಾಲ್ಕು ಮಂದಿಯ ಅಕ್ಕಿ ಸುರಿದು, ಹೆಬ್ಬೆಟ್ಟಿನ ಮಷೀನನ್ನು ರೇಣವ್ವನ ಕಡೆ ತಳ್ಳಿದ.

"ಒತ್ತು."

ಮಷೀನು ಎಂಟು ಮಂದಿ ಎನ್ನುತ್ತಿತ್ತು. ಒತ್ತಿದರೆ ಎಂಟು ಮಂದಿಯದನ್ನು ಒಯ್ದ ಹಾಗೆ. ಉಳಿದದ್ದು ಎಲ್ಲಿಗೆ ಹೋಗುತ್ತಿತ್ತೋ ಅದನ್ನು ಯಾವ ಠರಾವೂ ಹೇಳಿರಲಿಲ್ಲ.

"ಪೂರ್ತಿ ಹಾಕು. ಆಮ್ಯಾಲ ಒತ್ತತೇನಿ."

"ನನ್ನ ಕೈಯಾಗ ಇಲ್ಲವ್ವ."

"ನನ್ನ ಕೈಯಾಗ ಐತಿ," ಅಂದಳು. ಹೆಬ್ಬೆಟ್ಟನ್ನು ಒಳಗೆ ಮಡಚಿ ಮುಷ್ಟಿ ಬಿಗಿದಳು.

ಹಿಂದೆ ಅಫ್ರೀನ ಇದ್ದಳು. ಆಕೆಯೂ ಮುಷ್ಟಿ ಬಿಗಿದಳು. ಅವಳ ಹಿಂದೆ ಚಂದವ್ವ. ಚಂದವ್ವನಿಗೆ ಒಬ್ಬನೇ ಮಗ. ಆಕೆಯ ಪಾಲಿಗೆ ಏನೂ ಕೊರತೆ ಇರಲಿಲ್ಲ. ಆಕೆಯೂ ಬಿಗಿದಳು. ಸಾಲಿನ ಕೊನೆಗೆ ಮಾನಪ್ಪ ನಿಂತಿದ್ದ. ಅವನು ಸುಮ್ಮನೆ ಕೈಗಳನ್ನು ಕಂಕುಳಲ್ಲಿ ಸೇರಿಸಿ ನಿಂತ.

ಯಾರೂ ಸರಿಯಲಿಲ್ಲ. ಯಾರೂ ಒತ್ತಲಿಲ್ಲ. ಬಿಸಿಲು ಏರಿತು. ಗೋವಿಂದ ಫೋನು ಮಾಡಿದ. ಬೈಕುಗಳು ಬಂದವು. ಪಾರ್ಥ ಸಾಲನ್ನು ಸೀಳಿಕೊಂಡು ಬಂದು ರೇಣವ್ವನ ಮಣಿಕಟ್ಟು ಹಿಡಿದ. ಮಷೀನಿನ ಮೇಲೆ ಕೈಯನ್ನು ಬಡಿದ. ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ನೋಡಿದ. ಉಗುರು ಹರಿದು ರಕ್ತ ಬಂತು. ಗಾಜಿನ ಮೇಲೆ ರಕ್ತ ಬಿತ್ತು. ಮುಷ್ಟಿ ಬಿಚ್ಚಲಿಲ್ಲ. ಶಿವಾನಿ ಓಡಿ ಬಂದು ಆ ಮುಷ್ಟಿಯ ಮೇಲೆ ತನ್ನ ಎರಡೂ ಕೈ ಇಟ್ಟಳು. ಅದರ ಮೇಲೆ ಅಫ್ರೀನ ಇಟ್ಟಳು. ಚಂದವ್ವ ಇಟ್ಟಳು. ಕೆಳಗೆ ಮಷೀನು ಕಿರ್ ಎಂದು ಕೂಗುತ್ತಿತ್ತು.

"ಬಿಡ್ರಿ ಸಣ್ಣ ಧಣಿ," ಗೋವಿಂದ ಅಳುವ ದನಿಯಲ್ಲಿ ಅಂದ. "ಮಷೀನ ಒಡದ್ರ ನನ್ನ ಲೈಸೆನ್ಸ್ ಹೋಗತೈತಿ. ನಾ ಹಾಕಿಕೊಡ್ತೇನಿ. ಎಂಟು ಮಂದೀದೂ ಹಾಕ್ತೇನಿ. ಬಿಡ್ರಿ."

ಪಾರ್ಥ ಕೈ ಬಿಟ್ಟ. ಅವನ ಅಂಗೈಗೆ ಅವಳ ರಕ್ತ ಹತ್ತಿತ್ತು. ಪ್ಯಾಂಟಿಗೆ ಒರೆಸಿಕೊಂಡ.

"ನಿನ್ನ ಮನಿ ಎಲ್ಲದ, ನನಗ ಗೊತ್ತದ," ಅಂದ.

ತಕ್ಕಡಿ ಏರಿತು, ಇಳಿಯಿತು. ಅಫ್ರೀನಳ ಪಾಲೂ ಪೂರ್ತಿ ಬಂತು. ಉಳಿದವರದೂ ಬಂತು. ಯಾರೂ ಗೆದ್ದವರ ಹಾಗೆ ಮಾತಾಡಲಿಲ್ಲ. ಬೇಗ ಬೇಗ ಮನೆಗೆ ನಡೆದರು. ಮಶಾಕಸಾಬ ಹಾಸಿಗೆ ಹೊಲಿಯುವ ಸೂಜಿ ದಾರ ಕೆಳಗಿಟ್ಟು, ಹತ್ತಿ ಬಡಿಯುವ ಕೋಲನ್ನು ಬಾಗಿಲ ಹತ್ತಿರ ತಂದಿಟ್ಟುಕೊಂಡ. ಕೇರಿಯ ನಾಯಿಗಳು ಯಾಕೋ ಹಳ್ಳದ ಕಡೆ ಹೋಗಿ ನಿಂತಿದ್ದವು.

ಹೊತ್ತು ಮುಳುಗುವಾಗ ಅನ್ನ ಆಗಿತ್ತು. ರೇಣವ್ವ ಎಡಗೈಯಿಂದಲೇ ಬಡಿಸಿದಳು. ಬಲಗೈಗೆ ಅರಿವೆ ಸುತ್ತಿತ್ತು. ಮಕ್ಕಳು ಉಣ್ಣತೊಡಗಿದಾಗ ಕೇರಿಯ ಬಾಯಲ್ಲಿ ಒಂದು ಬೈಕು ನಿಂತಿತು. ಆಮೇಲೆ ಇನ್ನೊಂದು. ಆಮೇಲೆ ಎಷ್ಟೋ. ದೀಪಗಳನ್ನು ಆರಿಸಲಿಲ್ಲ. ಬೆಳಕು ಅಂಗಳ ದಾಟಿ ಗೋಡೆಯ ಮೇಲೆ ಬಿತ್ತು.

ಶಂಕ್ರೆಪ್ಪ ಬಾಗಿಲು ಹಾಕಲು ಎದ್ದ.

"ಹಾಕಬ್ಯಾಡ," ಅಂದಳು ರೇಣವ್ವ.

"ಹುಚ್ಚಿ ಏನ್ ನೀನು? ಅವರು ಬರಾಕತ್ತಾರ."

"ಬರಲಿ. ಹಾಕಿದ್ರ ಒಳಗ ಏನ ಮಾಡಿದ್ರೂ ಕೇರಿಗೆ ಕಾಣಂಗಿಲ್ಲ."

ಶಂಕ್ರೆಪ್ಪ ಅಗುಳಿಯ ಮೇಲೆ ಕೈ ಇಟ್ಟು ನಿಂತ. ಆಮೇಲೆ ಬಿಟ್ಟ. ಮಕ್ಕಳ ತಾಟುಗಳನ್ನು ಒಳಗೋಡೆಯ ಹತ್ತಿರಕ್ಕೆ ಸರಿಸಿದ. ರೇಣವ್ವ ತನ್ನ ತಾಟು ತೆಗೆದುಕೊಂಡು ಹೊಸ್ತಿಲಿಗೆ ಬಂದಳು. ತೆರೆದ ಬಾಗಿಲಿಗೆ ಅಡ್ಡವಾಗಿ, ಬೆಳಕಿಗೆ ಮುಖ ಮಾಡಿ ಕೂತಳು.

"ಉಣ್ರಿ," ಅಂದಳು ಹಿಂದೆ ನೋಡದೆ. ತಾನೂ ತುತ್ತು ಎತ್ತಿದಳು.